ಏಳನೇ ಬಾಟಲಿ

ಫೆಬ್ರವರಿ 4

ಅಕ್ಕನಿಗೆ,

ನಿನ್ನೆ ಒಂದು ಕೆಟ್ಟ ಕನಸು ಬಿತ್ತು. ನಾಲ್ಕನೇ ಬಾಟಲಿಯ ಮುಚ್ಚಳ ಎಷ್ಟು ತಿರುಗಿಸಿದರೂ ಕೂರುತ್ತಿಲ್ಲ. ಒಳಗಿನದು ಉಕ್ಕಿ ನನ್ನ ಮೊಣಕೈವರೆಗೆ ಇಳಿಯುತ್ತಿದೆ. ಅಷ್ಟರಲ್ಲಿ ಅಮ್ಮ ಎಲ್ಲಿಂದಲೋ ಬಂದು, 'ಚೆಲ್ಲಬೇಡವೋ, ಕುಡಿಯೋಕೆ ಬೇಕು' ಎಂದು ಅದನ್ನು ಸೆರಗಿನಲ್ಲಿ ಸೋಸಿ ಬಿಂದಿಗೆಗೆ ತುಂಬಿಕೊಂಡಳು. ಎದ್ದವನೇ ಕೈ ಮೂಸಿ ನೋಡಿಕೊಂಡೆ. ಬ್ಲೀಚಿಂಗ್ ಪುಡಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಇನ್ನೊಂದು ಸಲ ಮೂಸಿದೆ.

ಸಮಾವೇಶಕ್ಕೆ ಇವತ್ತು ಎರಡನೇ ದಿನ. ಇನ್ನೂ ಹತ್ತು ದಿನ ಇದೆ. ಇಷ್ಟು ಲಕ್ಷ ಜನ ಒಂದೇ ಮೈದಾನದಲ್ಲಿ ಕೂತು ಭಾಷಣ ಕೇಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಎದ್ದು ಹೋಗಿ ತಗಡಿನ ಪಾಯಿಖಾನೆಯ ಮುಂದೆ ಸಾಲು ನಿಲ್ಲುತ್ತಾರೆ. ಮೇಲೆ ಅವರು ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. ಕೆಳಗೆ ಹರಿದು ಬರುವುದು ಮಾತ್ರ ನನ್ನ ಪಾಲು. ಆರು ಕಡೆ ಚರಂಡಿಯ ಕಬ್ಬಿಣದ ಮುಚ್ಚಳ ಎತ್ತಿ, ಹಗ್ಗ ಕಟ್ಟಿದ ಡಬ್ಬಿ ಇಳಿಸಿ, ನಿನ್ನ ಲ್ಯಾಬಿಗೆ ಆರು ಬಾಟಲಿ ತುಂಬುತ್ತೇನೆ. ಕೂದಲಿನ ಉಂಡೆ, ಹಸುಗೂಸಿನ ಬಟ್ಟೆ, ಯಾರದೋ ಹಲ್ಲಿನ ಸೆಟ್ಟು, ಮಾತ್ರೆಯ ಖಾಲಿ ಹಾಳೆಗಳು. ಇವುಗಳ ನಡುವೆ ಡಬ್ಬಿ ಮುಳುಗುವಾಗ ಒಂದು ಸದ್ದು ಬರುತ್ತದೆ, ಮುದುಕರು ಗಂಟಲು ಸರಿ ಮಾಡಿಕೊಂಡ ಹಾಗೆ. ಊಟಕ್ಕೆ ಕೂತರೂ ಅದೇ ಸದ್ದು ಕೇಳುತ್ತದೆ.

ನೀನು ಹೇಳಿದ ಹಾಗೆ ಏಳನೇ ಬಾಟಲಿಯನ್ನೂ ಮರೆತಿಲ್ಲ. ನೀನು ಶುದ್ಧ ನೀರು ತುಂಬಿ ಕಳಿಸುವ ಆ ಸಾಕ್ಷಿ ಬಾಟಲಿಯನ್ನು ಚರಂಡಿಯ ಬಾಯಲ್ಲಿ ತೆರೆದು, ಇಪ್ಪತ್ತು ಎಣಿಸಿ, ಮುಚ್ಚಿ, ಹಾಗೆಯೇ ವಾಪಸ್ ಪೆಟ್ಟಿಗೆಗೆ ಇಡುತ್ತೇನೆ. ಅದರಲ್ಲಿ ಏನೂ ಬೆಳೆಯಬಾರದು, ಬೆಳೆದರೆ ನನ್ನ ಕೈ ಕೊಳಕು ಎಂದು ಅರ್ಥ. ಅಷ್ಟು ನೆನಪಿದೆ. ಏಳನೇ ತರಗತಿ ಮೂರು ಸಲ ಬಿಟ್ಟವನಿಗೆ ಏಳನೇ ಬಾಟಲಿಯೇ ಪರೀಕ್ಷೆ ಇಡಬೇಕೆ?

ಇಲ್ಲಿ ಯಾರ ಫೋನೂ ಹೋಗುತ್ತಿಲ್ಲ, ಅಷ್ಟು ಜನರ ಫೋನು ಒಟ್ಟಿಗೆ ಮಾತಾಡುತ್ತಿದೆ. ಅದಕ್ಕೇ ಈ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಟಲಿ ಪೆಟ್ಟಿಗೆಯ ಐಸಿನ ಮೇಲೆ ಇಡುತ್ತಿದ್ದೇನೆ. ಒದ್ದೆಯಾದರೆ ಹೇಳು, ಇನ್ನೊಂದು ಚೀಲ ಹಾಕುತ್ತೇನೆ.

ನಿಮ್ಮ ಅತ್ತೆಯವರು ಬಂದು ಮುಟ್ಟಿದರು. ಮೂರನೇ ಶೆಡ್ಡಿನಲ್ಲಿ ಜಾಗ ಸಿಕ್ಕಿದೆ. ನನ್ನ ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ, ಆದರೆ ಬಾಯಿ ಮುಚ್ಚುವುದಿಲ್ಲ.

ನಿನ್ನ ತಮ್ಮ


ಫೆಬ್ರವರಿ 6

ಎರಡ್ಸಲನಿಗೆ,

ಕಾಗದ ಒದ್ದೆಯಾಗಿರಲಿಲ್ಲ. ನಾಲ್ಕು ಚೀಲ ಹಾಕಿದ್ದೀಯ, ಬಿಚ್ಚುವಷ್ಟರಲ್ಲಿ ನನ್ನ ಚಹಾ ಆರಿಹೋಯಿತು. ಆ ಹೆಸರು ನಿನಗೆ ಸುಮ್ಮನೆ ಬರಲಿಲ್ಲ. ಶಾಲೆಗೆ ಅರ್ಧ ದಾರಿ ಹೋಗಿ, ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ಮನೆಗೆ ವಾಪಸ್ ಬರುತ್ತಿದ್ದವನು ನೀನು. ಮೇಷ್ಟ್ರು ಹೆಸರು ಹೊಡೆದುಹಾಕಿದ ದಿನವೂ ನಲ್ಲಿ ನಿಂತೇ ಇತ್ತು.

ಕೆಲಸದ ಮಾತಿಗೆ ಬರುತ್ತೇನೆ. ನಿನ್ನ ಬಾಟಲಿಗಳ ನೀರನ್ನು ಮದ್ದು ಬೆರೆಸಿದ ತಟ್ಟೆಗಳ ಮೇಲೆ ಹರಡುತ್ತೇವೆ. ಮದ್ದಿಗೆ ಸಾಯುವ ಕ್ರಿಮಿ ಸಾಯುತ್ತದೆ, ಜಗ್ಗದೆ ಉಳಿದದ್ದು ನೀಲಿ ಚುಕ್ಕೆಯಾಗಿ ಏಳುತ್ತದೆ. ಉಳಿದ ಐದು ಕಡೆ ಅಲ್ಲೊಂದು ಇಲ್ಲೊಂದು ಚುಕ್ಕೆ. ನಾಲ್ಕನೇ ಬಾಟಲಿಯದು ಮಾತ್ರ ತಟ್ಟೆ ತುಂಬ ನೀಲಿ. ಹನ್ನೊಂದು ವರ್ಷದಿಂದ ಹೊಲಸು ನೋಡುತ್ತಿದ್ದೇನೆ, ಆದರೂ ಆ ತಟ್ಟೆಯ ಮುಚ್ಚಳ ತೆರೆದಾಗ ಒಂದು ಹೆಜ್ಜೆ ಹಿಂದೆ ಸರಿದೆ. ಯಾರ ಹೊಟ್ಟೆಯಿಂದಲೋ ಬಂದದ್ದು, ಈಗ ಎಷ್ಟು ಹೊಟ್ಟೆಗಳಲ್ಲಿದೆಯೋ. ನಾಲ್ಕನೇ ಮುಚ್ಚಳದ ಹತ್ತಿರ ಕೈಗವಸು ಎರಡು ಜೊತೆ ಹಾಕಿಕೋ.

ಇನ್ನೊಂದು ಮಾತು. ಅತ್ತೆಯವರಿಗೆ ಹೋದ ತಿಂಗಳಷ್ಟೇ ಮೂತ್ರದ ಸೋಂಕು ವಾಸಿಯಾಗಿದೆ, ಮೂತ್ರಪಿಂಡ ಮೊದಲೇ ಬಲವಿಲ್ಲ. ಸಿಕ್ಕಸಿಕ್ಕಲ್ಲಿ ನೀರು ಕುಡಿಸಬೇಡ. ಸ್ವಯಂಸೇವಕರ ಊಟದ ಡೇರೆಯ ಹೊರಗೆ ದೊಡ್ಡ ಸ್ಟೀಲು ನಲ್ಲಿ ಇದೆಯಂತಲ್ಲ, ಶುದ್ಧ ಮಾಡಿದ ನೀರು ಎಂದು ಬೋರ್ಡು ಹಾಕಿದ್ದಾರಂತೆ. ಅಲ್ಲಿಂದಲೇ ತಂದುಕೊಡು. ನಾನು ಸೊಸೆ, ಇಲ್ಲಿ ಕೂತು ಅಷ್ಟೇ ಮಾಡಬಲ್ಲೆ.

ಅಕ್ಕ


ಫೆಬ್ರವರಿ 7

ಅಕ್ಕನಿಗೆ,

ಈ ದಿನದ ಆರು ಬಾಟಲಿ, ಜೊತೆಗೆ ಏಳನೆಯದು, ಎಲ್ಲಾ ಸರಿಯಾಗಿವೆ. ಚೀಟಿ ಅಂಟಿಸಿದ್ದೇನೆ, ಸಮಯ ಬರೆದಿದ್ದೇನೆ, ಮುಚ್ಚಳ ಎರಡೆರಡು ಸಲ ನೋಡಿದ್ದೇನೆ. ಐಸು ಸಾಕಷ್ಟಿದೆ. ಪೆಟ್ಟಿಗೆಯ ಹೊರಗಡೆಯನ್ನೂ ಒರೆಸಿದ್ದೇನೆ.

ಅತ್ತೆಯವರಿಗೆ ಆ ಸ್ಟೀಲು ನಲ್ಲಿಯ ನೀರೇ ತಂದುಕೊಡುತ್ತಿದ್ದೇನೆ, ನೀನು ಹೇಳುವುದಕ್ಕೂ ಮೊದಲಿನಿಂದ. ಇಲ್ಲಿ ಕಣ್ಣಿಗೆ ಚೊಕ್ಕಟವಾಗಿ ಕಾಣುವುದು ಅದೊಂದೇ. ದಿನಕ್ಕೆ ಒಂದು ಬಿಂದಿಗೆ. ಅವರು ಕುಡಿದು, 'ನಿನ್ನ ಕೈಯಿಂದ ನೀರು ಕುಡಿದರೆ ಆಸ್ಪತ್ರೆಯ ನೆಲ ನೆಕ್ಕಿದ ಹಾಗಿರುತ್ತೆ ಕಣೋ' ಎಂದರು. ಬ್ಲೀಚಿಂಗ್ ವಾಸನೆಗೆ ಹೇಳಿದ್ದು. ಸುತ್ತಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಪಕ್ಕದಲ್ಲೇ ಔಷಧಿಯ ಡೇರೆ ಇದೆ. ಕೆಮ್ಮಿದವರಿಗೂ ಎರಡು ಮಾತ್ರೆ, ಕಾಲು ಉಳುಕಿದವರಿಗೂ ಅದೇ ಎರಡು ಮಾತ್ರೆ. ಒಂದು ನುಂಗುತ್ತಾರೆ, ಗುಣವಾಯಿತು ಎಂದು ಇನ್ನೊಂದನ್ನು ಪಾಯಿಖಾನೆಯಲ್ಲಿ ಬಿಸಾಡುತ್ತಾರೆ. ನನ್ನ ಡಬ್ಬಿಗೆ ಬರುವುದು ಅದೇ. ಇವರಿಗೆ ಔಷಧಿಯೂ ಕಡಲೆಯ ಹಾಗೆ ಆಗಿದೆ. ಹೇಳಿದರೆ, 'ನೀನು ಚರಂಡಿ ನೋಡಪ್ಪ, ಡಾಕ್ಟರಿಕೆ ನಾವು ನೋಡ್ತೀವಿ' ಎನ್ನುತ್ತಾರೆ.

ಅಕ್ಕ, ಸಾಕ್ಷಿ ಬಾಟಲಿಯ ನೀರಿಗೆ ಏನಾದರೂ ಬೆರೆಸಿರುತ್ತೀರಾ? ಒಂದು ವೇಳೆ ಬಾಯಿಗೆ ಹೋದರೆ ಏನಾದರೂ ಆಗುತ್ತದೆಯೇ? ಸುಮ್ಮನೆ ಕೇಳಿದೆ.

ತಮ್ಮ


ಫೆಬ್ರವರಿ 9

ಎರಡ್ಸಲ,

ಏನೂ ಬೆರೆಸಿರುವುದಿಲ್ಲ. ಕುದಿಸಿ ಶುದ್ಧ ಮಾಡಿದ ಬರಿಯ ನೀರು. ಬೆರೆಸಿದವನು ನೀನು.

ಏಳನೇ ತಾರೀಖಿನ ಸಾಕ್ಷಿ ಬಾಟಲಿ ಬೆಳೆದಿದೆ. ಒಂದೆರಡು ಚುಕ್ಕೆಯಲ್ಲ, ನಲವತ್ತಮೂರು. ನಾಲ್ಕನೇ ಬಾಟಲಿಯಲ್ಲಿದ್ದ ಅದೇ ನೀಲಿ. ಮುಖ್ಯಸ್ಥರು ಹೆಗಲ ಹಿಂದೆ ನಿಂತು ತಟ್ಟೆ ನೋಡಿದರು. 'ಇದು ನಿಮ್ಮ ತಮ್ಮನ ಬಾಟಲಿ ಅಲ್ಲವಾ?' ಎಂದರು. ಅಷ್ಟೇ. ಅವರು ಅಷ್ಟೇ ಹೇಳಿದ್ದು. ನಿನ್ನನ್ನು ಈ ಕೆಲಸಕ್ಕೆ ಸೇರಿಸಲು ಹೇಳಿದವಳು ನಾನು ಎನ್ನುವುದು ಇಲ್ಲಿ ಗೋಡೆಗೂ ಗೊತ್ತು.

ಆ ದಿನದ ಏಳೂ ಬಾಟಲಿಯ ಫಲಿತಾಂಶ ಹೊಡೆದುಹಾಕಿದ್ದೇನೆ. ಕಾರಣದ ಜಾಗದಲ್ಲಿ 'ಸಂಗ್ರಹಿಸಿದವರ ಕೈಯ ಕೊಳಕು' ಎಂದು ಬರೆದು ಸಹಿ ಹಾಕಿದೆ. ನನಗೆ ಅಸಹ್ಯವಾಯಿತು. ಚರಂಡಿಯಿಂದಲ್ಲ. ಅದು ಹೊಲಸಾಗಿರುವುದೇ ಅದರ ಕೆಲಸ. ಆದರೆ ಕೈಗವಸು ಬದಲಿಸುವುದಕ್ಕೂ ಸೋಮಾರಿತನ ಮಾಡಿ, ಕಾಗದದಲ್ಲಿ ಎಲ್ಲಾ ಸರಿಯಾಗಿದೆ ಎಂದು ಬರೆಯುವವನು ನನ್ನ ಒಡಹುಟ್ಟಿದವನೇ ಎನಿಸಿತು.

ನಿನ್ನೆಯ ಸಾಕ್ಷಿ ಬಾಟಲಿ ಇವತ್ತು ಬಂದಿದೆ. ಅದೂ ಬೆಳೆದರೆ ನಾನು ಏನೂ ಮಾಡಲಾರೆ.

ಅಕ್ಕ


ಫೆಬ್ರವರಿ 10

ಅಕ್ಕನಿಗೆ,

ನೀನು ಬರೆದದ್ದು ಸರಿ. ನನ್ನ ಕೈಯೇ ಇರಬೇಕು. ತಪ್ಪಾಯಿತು.

ನಿನ್ನ ಕಾಗದ ಓದಿದಾಗಿನಿಂದ ಬ್ಲೀಚಿಂಗ್ ನೀರಿನಲ್ಲೇ ಕೈ ಅದ್ದುತ್ತಿದ್ದೇನೆ. ಬೆರಳ ಸಂದಿ ಸುಲಿದಿದೆ, ಪೆನ್ನು ಹಿಡಿದರೆ ಉರಿಯುತ್ತದೆ, ಅದಕ್ಕೇ ಅಕ್ಷರ ಹೀಗಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನಗೆ ಕೈಯೂ ಕೆಸರು, ಬಾಯೂ ಕೆಸರು. ಈ ಮಾತು ಬಿಡು.

ಅತ್ತೆಯವರಿಗೆ ನಿನ್ನೆ ಸಂಜೆಯಿಂದ ಜ್ವರ. ಉರಿಮೂತ್ರವಂತೆ, ನನ್ನ ಹತ್ತಿರ ಹೇಳಲು ನಾಚಿಕೊಂಡು ಪಕ್ಕದ ಹೆಂಗಸಿನ ಬಾಯಲ್ಲಿ ಹೇಳಿಸಿದರು. ಔಷಧಿಯ ಡೇರೆಯವರು ಅದೇ ಎರಡು ಮಾತ್ರೆ ಕೊಟ್ಟು, ನೀರು ಹೆಚ್ಚು ಕುಡಿಸಿ ಎಂದರು. ಈಗ ದಿನಕ್ಕೆ ಎರಡು ಬಿಂದಿಗೆ ತರುತ್ತಿದ್ದೇನೆ. ಕುಡಿಯಲೊಲ್ಲೆ ಎನ್ನುತ್ತಾರೆ. ನಾನೇ ಪಕ್ಕದಲ್ಲಿ ಕೂತು ಲೋಟ ಲೋಟ ಕುಡಿಸುತ್ತೇನೆ. ಬೈದುಕೊಂಡೇ ಕುಡಿಯುತ್ತಾರೆ. ನೀನು ಹೆದರಬೇಡ, ನಾನಿದ್ದೇನೆ.

ಊಟದ ಡೇರೆಯಲ್ಲಿ ಕೆಲಸ ಮಾಡುವವರಲ್ಲೂ ಏಳೆಂಟು ಜನ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾರೆ. ಬಿಸಿಲು ಎನ್ನುತ್ತಾರೆ.

ತಮ್ಮ


ಫೆಬ್ರವರಿ 11, ಬೆಳಿಗ್ಗೆ

ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈ.

ನಿನ್ನ ಎಂಟನೇ ತಾರೀಖಿನ ಸಾಕ್ಷಿ ಬಾಟಲಿ ಚೊಕ್ಕಟವಾಗಿತ್ತೆಂದು ವಾಪಸ್ ಬಂದ ಪಟ್ಟಿಯಲ್ಲಿ ನೋಡಿದೆ. ಆರನೆಯದೂ ಚೊಕ್ಕಟ. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ನನ್ನ ಕೈ ಏಳಕ್ಕೆ ಮಾತ್ರ ಹೊಲಸಾಗಿ, ಆರಕ್ಕೂ ಎಂಟಕ್ಕೂ ಶುದ್ಧವಾಗಿರಲು ಸಾಧ್ಯವೇ? ಕೈ ಅದೇ. ಬೇರೆಯಾದದ್ದು ನೀರು. ಅದು ನಿನಗೆ ಗೊತ್ತಿಲ್ಲ, ನಾನು ಹೇಳಿಲ್ಲ.

ಏಳನೇ ತಾರೀಖು ನಾಲ್ಕನೇ ಮುಚ್ಚಳದ ಹತ್ತಿರ ಡಬ್ಬಿ ಎಳೆಯುವಾಗ ಹಗ್ಗ ಜಾರಿತು. ಒಳಗಿನದು ಮುಖಕ್ಕೆ ಎರಚಿತು. ಮುಖಕ್ಕಷ್ಟೇ ಅಲ್ಲ, ತುಟಿಯ ಒಳಗೆ ಹೋಯಿತು. ಬೆಚ್ಚಗಿತ್ತು ಅಕ್ಕ. ಅದೊಂದು ನನ್ನ ತಲೆಯಿಂದ ಹೋಗುತ್ತಿಲ್ಲ, ಅದು ಬೆಚ್ಚಗಿತ್ತು. ಅಲ್ಲೇ ಕೂತು ವಾಂತಿ ಮಾಡಿಕೊಂಡೆ. ಬಾಯಿ ತೊಳೆಯಬೇಕು. ಆ ಮೈದಾನದಲ್ಲಿ ನಾನು ನಂಬುವ ನೀರು ಒಂದೇ ಇತ್ತು, ನೀನು ಕಳಿಸಿದ ಏಳನೇ ಬಾಟಲಿ. ಅದರಿಂದಲೇ ಬಾಯಿ ಮುಕ್ಕಳಿಸಿದೆ. ಕೊನೆಯ ಹನಿಯವರೆಗೆ.

ಆಮೇಲೆ ಖಾಲಿ ಬಾಟಲಿ ನೋಡಿ ಜೀವ ಹಾರಿತು. ಹೇಳಿದರೆ ಕೆಲಸ ಹೋಗುತ್ತದೆ, ನಿನ್ನ ಮರ್ಯಾದೆ ಹೋಗುತ್ತದೆ. ಹಾಗಾದರೆ ಇಲ್ಲಿ ಎಲ್ಲಕ್ಕಿಂತ ಶುದ್ಧವಾದ ನೀರು ತುಂಬಿಸಿಬಿಡೋಣ ಎಂದುಕೊಂಡೆ. ಕೈಗವಸು ಹೊಸದು ಹಾಕಿದೆ, ಬಾಟಲಿಯ ಬಾಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ನಲ್ಲಿಯ ಮೂತಿಯನ್ನೂ ಒರೆಸಿದೆ. ಎರಡು ಸಲ. ಆ ಸ್ಟೀಲು ನಲ್ಲಿಯಿಂದ ತುಂಬಿದೆ.

ನಿನ್ನ ತಟ್ಟೆಯ ಮೇಲೆ ಬೆಳೆದಿರುವುದು ನನ್ನ ಕೈಯಲ್ಲ. ಆ ನಲ್ಲಿ.

ಇವತ್ತು ಬೆಳಕು ಹರಿಯುತ್ತಲೇ ಡೇರೆಯ ಹಿಂದೆ ಹೋಗಿ ನೋಡಿದೆ. ನಲ್ಲಿಗೆ ಬರುವ ಕೊಳವೆಯೂ ನಾಲ್ಕನೇ ಮುಚ್ಚಳಕ್ಕೆ ಹೋಗುವ ಚರಂಡಿಯೂ ಒಂದೇ ಕಾಲುವೆಯಲ್ಲಿ ಅಕ್ಕಪಕ್ಕ ಮಲಗಿವೆ, ಗಂಡ ಹೆಂಡಿರ ಹಾಗೆ. ಚರಂಡಿ ಕಟ್ಟಿಕೊಂಡು ಕಾಲುವೆ ತುಂಬ ಅದೇ ನಿಂತಿದೆ. ಕೊಳವೆಯ ಜೋಡಣೆಗೆ ಯಾರೋ ಗೋಣಿ ಸುತ್ತಿದ್ದಾರೆ. ಗೋಣಿ ಅದರಲ್ಲಿ ಮುಳುಗಿದೆ. ಪಂಪು ನಿಲ್ಲಿಸಿದಾಗ ಕೊಳವೆ ಚುರ್ರೆಂದು ಒಳಗೆ ಎಳೆದುಕೊಳ್ಳುವುದನ್ನು ಕಿವಿಯಾರೆ ಕೇಳಿದೆ. ಮೇಲೆ ಹೊಳೆಯುವ ಸ್ಟೀಲು, ಅದರ ಮೇಲೆ ಬೋರ್ಡು. ಜನ ಮಕ್ಕಳನ್ನು ಎತ್ತಿ ಹಿಡಿದು ಕುಡಿಸುತ್ತಿದ್ದರು.

ಸೂಪರ್‌ವೈಸರ್ ಹತ್ತಿರ ಓಡಿದೆ. ಎಲ್ಲಾ ಹೇಳಿದೆ, ಮುಕ್ಕಳಿಸಿದ್ದನ್ನೂ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಪಟ್ಟಿ ತೆಗೆದು ತೋರಿಸಿದರು. 'ಇಲ್ಲಿ ನೋಡಪ್ಪಾ, ನಿನ್ನ ಕೈ ಕೊಳಕು ಅಂತ ನಿನ್ನ ಅಕ್ಕಾನೇ ಸಹಿ ಹಾಕಿದ್ದಾಳೆ. ಈಗ ನಲ್ಲಿ ಕೊಳಕು ಅಂತೀಯ. ಯಾವುದನ್ನ ನಂಬಲಿ?' ಎಂದರು. ಇಷ್ಟು ಜನಕ್ಕೆ ಇರುವ ದೊಡ್ಡ ನಲ್ಲಿ, ಕಾಗದ ಇಲ್ಲದೆ ನಿಲ್ಲಿಸಲಾರೆ ಎಂದರು. ಅವರು ಕೆಟ್ಟವರಲ್ಲ. ನನ್ನ ಮಾತಿಗಿಂತ ನಿನ್ನ ಸಹಿ ದೊಡ್ಡದು, ಅಷ್ಟೇ.

ಬಾಟಲಿಗೆ ಸುತ್ತುವ ಕೆಂಪು ಟೇಪಿನಿಂದ ನಲ್ಲಿಯನ್ನು ನಾನೇ ಸುತ್ತಿ, ಮುಂದೆ ಐಸಿನ ಪೆಟ್ಟಿಗೆ ಇಟ್ಟು ಅದರ ಮೇಲೆ ಕೂತಿದ್ದೇನೆ. ಕೂತೇ ಬರೆಯುತ್ತಿದ್ದೇನೆ. ಬಿಂದಿಗೆ ಹಿಡಿದು ಬಂದವರು ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. ಒಬ್ಬರು ತಲೆಗೆ ಉಗಿದರು. ಬೇರೆ ದಿನವಾದರೆ ಮೂರು ಸಲ ತಲೆ ತೊಳೆಯುತ್ತಿದ್ದೆ.

ಭಾವ ಬಂದು ಅತ್ತೆಯವರನ್ನು ಈಗಷ್ಟೇ ಕಾರಿನಲ್ಲಿ ಕರೆದುಕೊಂಡು ಹೊರಟರು. ನಾನು ಅವರಿಗೆ ಏನೂ ಹೇಳಲಿಲ್ಲ. ಇಷ್ಟು ದಿನ ಬಿಂದಿಗೆ ಹೊತ್ತವನು ನಾನು. ಅವರು ಬೇಡ ಎಂದರೂ ಲೋಟ ಬಾಯಿಗೆ ಹಿಡಿದವನು ನಾನು. ನನ್ನ ಬಾಯಿಗೆ ಮಾತ್ರ ಶುದ್ಧ ನೀರು.

ಆ ತಟ್ಟೆ ಇನ್ನೂ ಇದೆಯೇ? ಬೇಯಿಸಿ ಎಸೆದುಬಿಟ್ಟೆಯಾ? ನೀನು ಯಾವುದನ್ನೂ ಎರಡನೇ ಸಲ ನೋಡುವವಳಲ್ಲ, ಅದೇ ನನಗೆ ಭಯ.

ತಮ್ಮ


ಫೆಬ್ರವರಿ 12

ತಮ್ಮನಿಗೆ,

ತಟ್ಟೆ ಇದೆ.

ಹೊಡೆದುಹಾಕಿದ ತಟ್ಟೆಗಳನ್ನು ಅದೇ ದಿನ ಬೇಯಿಸಿ ಎಸೆಯಬೇಕು. ಏಳನೇ ತಾರೀಖಿನ ಏಳನೆಯದನ್ನು ಮಾತ್ರ ಮೊಹರು ಹಾಕಿದ ಡಬ್ಬಿಯಲ್ಲಿ, ಶೀತಪೆಟ್ಟಿಗೆಯ ಹಿಂದಿನ ಸಾಲಿನಲ್ಲಿ ಇಟ್ಟಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ಈಗ ಹೇಳುತ್ತೇನೆ. ಊಟಕ್ಕೆ ಮೊದಲು ಕೈ ತೊಳೆದು, ತೊಳೆದ ಕೈಯನ್ನು ಮತ್ತೆ ತೊಳೆಯುತ್ತಿದ್ದವನು, ಆ ತೊಳೆದ ಕೈಯಿಂದ ನಲ್ಲಿ ಮುಟ್ಟಿದೆ ಎಂದು ಮೂರನೇ ಸಲ ತೊಳೆಯುತ್ತಿದ್ದವನು ನೀನು. ನಿನ್ನ ಕೈಯಿಂದ ನಲವತ್ತಮೂರು ಚುಕ್ಕೆ ಬರುವುದಿಲ್ಲ ಎಂದು ಒಂಬತ್ತನೇ ತಾರೀಖೇ ನನಗೆ ಗೊತ್ತಿತ್ತು. ಆದರೂ ಬರೆದೆ. ಮುಖ್ಯಸ್ಥರು ಪೆನ್ನು ತೆಗೆದು ಕೊಟ್ಟು ನಿಂತಿದ್ದರು. ತಮ್ಮನನ್ನು ಮುಚ್ಚಿಡುತ್ತಾಳೆ ಎನ್ನಿಸಿಕೊಳ್ಳಬಾರದು ಎಂದು, ತಮ್ಮನ ಮೇಲೆ ಹಾಕಿದೆ. ನೀನು ನಲ್ಲಿ ಮುಟ್ಟಿದ್ದನ್ನು ಮುಚ್ಚಿಟ್ಟೆ, ನಾನು ನನಗೆ ಗೊತ್ತಿದ್ದನ್ನು. ಆ ಎರಡು ದಿನ ಜನ ಕುಡಿದರು. ನಿನ್ನ ತುಟಿಗೆ ತಗುಲಿದ್ದು ಬೆಚ್ಚಗಿತ್ತು ಎಂದು ಬರೆದಿದ್ದೀಯ. ನನ್ನ ಸಹಿ ನೋಡಿದರೆ ನನಗೂ ಹಾಗೇ ಆಗುತ್ತದೆ.

ಸಹಿ ವಾಪಸ್ ತೆಗೆದುಕೊಂಡಿದ್ದೇನೆ. 'ಬಾಟಲಿಯಲ್ಲಿದ್ದದ್ದು ಕುಡಿಯುವ ನಲ್ಲಿಯ ನೀರು' ಎಂದು ತಿದ್ದಿ, ಮುಖ್ಯಸ್ಥರ ಮುಂದೆಯೇ ಬರೆದೆ. ಅದರ ಪ್ರತಿ ಈ ಪೆಟ್ಟಿಗೆಯಲ್ಲಿದೆ. ಸೂಪರ್‌ವೈಸರ್ ಕೈಗೆ ಕೊಡು. ನಿನ್ನ ಕೆಲಸ ಉಳಿಯುವುದಿಲ್ಲ. ನನ್ನದು ಗೊತ್ತಿಲ್ಲ.

ಅತ್ತೆಯವರು ಇಲ್ಲಿನ ಆಸ್ಪತ್ರೆಯಲ್ಲಿದ್ದಾರೆ. ಸೋಂಕು ರಕ್ತಕ್ಕೆ ಇಳಿದಿರಬಹುದು ಎನ್ನುತ್ತಾರೆ. ಅವರ ಮೂತ್ರವನ್ನು ತಟ್ಟೆಗೆ ಹಾಕಿದ್ದೇವೆ, ಫಲಿತಾಂಶಕ್ಕೆ ಎರಡು ದಿನ ಬೇಕು. ಅಲ್ಲಿಯವರೆಗೆ ಯಾವ ಮದ್ದು ಕೊಡುವುದು ಎಂದು ಡಾಕ್ಟರು ತಲೆ ಕೆರೆದುಕೊಂಡಾಗ ನಿನ್ನ ತಟ್ಟೆಯೇ ದಾರಿ ತೋರಿಸಿತು. ಅದರ ಕ್ರಿಮಿಯ ಮೇಲೆ ಹತ್ತು ಮದ್ದಿನ ಬಿಲ್ಲೆ ಇಟ್ಟಿದ್ದೆ. ಮದ್ದು ಕೊಲ್ಲುವಂಥದ್ದಾದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಉಂಗುರ ಮೂಡುತ್ತದೆ. ಹತ್ತರಲ್ಲಿ ಒಂಬತ್ತು ಬಿಲ್ಲೆಗಳ ಅಂಚಿಗೇ ಬಂದು ಹೊಲಸು ಒರಗಿಕೊಂಡಿದೆ. ಒಂಬತ್ತನೇ ನಂಬರಿನದಕ್ಕೆ ಮಾತ್ರ ಉಂಗುರವಿದೆ, ಇಪ್ಪತ್ತಮೂರು ಮಿಲಿಮೀಟರ್. ನಮ್ಮ ಪಟ್ಟಿಯ ಪ್ರಕಾರ ಈ ಮದ್ದಿಗೆ ಇಪ್ಪತ್ತು ಇರಬೇಕು, ಅದಕ್ಕಿಂತ ಕಡಿಮೆಯಾದರೆ ನಂಬುವ ಹಾಗಿಲ್ಲ. ಆ ಮದ್ದೇ ಹಾಕುತ್ತಿದ್ದಾರೆ.

ನೀನು ಕಳ್ಳತನದಿಂದ ತುಂಬಿದ ಬಾಟಲಿ ಇಲ್ಲದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ. ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡ.

ಅಕ್ಕ


ಫೆಬ್ರವರಿ 14

ತಮ್ಮನಿಗೆ,

ಎರಡೇ ಸಾಲು, ಆಸ್ಪತ್ರೆಗೆ ಹೊರಟಿದ್ದೇನೆ. ಅತ್ತೆಯವರ ತಟ್ಟೆ ಓದಿದೆ. ಅದೇ ನೀಲಿ. ಒಂಬತ್ತನೇ ಬಿಲ್ಲೆಗೆ ಉಂಗುರ ಇದೆ, ಇಪ್ಪತ್ತು. ಆದ್ದರಿಂದ ಅದೇ ಮದ್ದು ಮುಂದುವರಿಸಲು ಹೇಳಿದ್ದೇನೆ. ಜ್ವರ ಇನ್ನೂ ಇಳಿದಿಲ್ಲ. ಎಚ್ಚರವಾದಾಗ ನಿನ್ನನ್ನು ಕೇಳಿದರು, 'ನೀರು ತರೋನು ಎಲ್ಲಿ?' ಎಂದು.

ಅಕ್ಕ


ಫೆಬ್ರವರಿ 15

ಅಕ್ಕನಿಗೆ,

ಇದು ಕೊನೆಯ ಪೆಟ್ಟಿಗೆ. ಬಾಟಲಿ ತುಂಬಿದವನು ನಾನಲ್ಲ, ಹೊಸಬರು. ಕಾಗದ ಇಡಲು ಮಾತ್ರ ಅವರನ್ನು ಕೇಳಿಕೊಂಡೆ. ಒಂದೇ ಚೀಲ ಕೊಟ್ಟರು.

ನಿನ್ನ ಪ್ರತಿ ಮುಟ್ಟಿದ ಹದಿಮೂರನೇ ತಾರೀಖು ಮಧ್ಯಾಹ್ನ ನಲ್ಲಿ ನಿಲ್ಲಿಸಿದರು. ಬೋರ್ಡಿಗೆ ಬಟ್ಟೆ ಸುತ್ತಿದರು, ದುರಸ್ತಿಯಲ್ಲಿದೆ ಎಂದರು. ಸೂಪರ್‌ವೈಸರ್ ನನ್ನ ಗುರುತಿನ ಚೀಟಿ ವಾಪಸ್ ಇಸಿದುಕೊಳ್ಳುವಾಗ ನನ್ನ ಕೈ ನೋಡಿ, ಮುಲಾಮು ಹಚ್ಚಿಕೋ ಎಂದರು. ಅಷ್ಟಾದರೂ ಅಂದರು.

ನಿನ್ನೆ ಸಮಾವೇಶ ಮುಗಿಯಿತು. ಗೇಟಿನ ಹತ್ತಿರ ನಿಂತು ನೋಡಿದೆ. ಬಸ್ಸು, ಲಾರಿ, ರೈಲಿಗೆ ಹೋಗುವ ಸಾಲು. ಎಲ್ಲರ ಮುಖದಲ್ಲೂ ನಗು. ಸ್ಟೀಲು ನಲ್ಲಿಯ ನೀರು ದಾರಿಗೆ ಬೇಕಾಗುತ್ತದೆ ಎಂದು ಮೊದಲೇ ಸೀಸೆಯಲ್ಲಿ ತುಂಬಿಟ್ಟುಕೊಂಡವರೂ ಇದ್ದರು. ಹತ್ತು ಜನರಿಗೆ ಚೆಲ್ಲಿ ಎಂದೆ. ಮೂರು ಜನ ಚೆಲ್ಲಿದರು. ಉಳಿದವರ ಹೊಟ್ಟೆಯಲ್ಲಿ, ಸೀಸೆಯಲ್ಲಿ ಆ ನೀಲಿ ಎಷ್ಟು ಊರಿಗೆ ಹೊರಟಿತೋ. ಖಾಲಿ ಮೈದಾನದಲ್ಲಿ ಈಗ ಚಪ್ಪಲಿಗಳು, ಮಾತ್ರೆಯ ಹಾಳೆಗಳು, ಆರು ಕಬ್ಬಿಣದ ಮುಚ್ಚಳಗಳು. ವಾಸನೆ ಮಾತ್ರ ಮನೆಗೆ ಹೋಗಿಲ್ಲ.

ಅತ್ತೆಯವರಿಗೆ ಹೇಳು, ನೀರು ತರುವವನು ಬರುತ್ತಾನೆ ಎಂದು. ಬೇಡ, ಹಾಗೆ ಹೇಳಬೇಡ. ಬಿಂದಿಗೆಯಲ್ಲಿ ಏನಿತ್ತು ಎಂದು ಅವರು ಎದ್ದು ಕೂತ ಮೇಲೆ ನಾನೇ ಹೇಳುತ್ತೇನೆ. ಅವರು ಬೈಯಬೇಕು. ಬೈಯುವಷ್ಟು ಶಕ್ತಿ ಬರಬೇಕು.

ನಿನ್ನ ಎರಡು ಸಾಲಿನ ಕಾಗದವನ್ನು ಎಷ್ಟು ಸಲ ಓದಿದೆನೋ. ನಲ್ಲಿಯ ತಟ್ಟೆಯಲ್ಲಿ ಇಪ್ಪತ್ತಮೂರು, ಅತ್ತೆಯವರ ತಟ್ಟೆಯಲ್ಲಿ ಇಪ್ಪತ್ತು. ಕ್ರಿಮಿ ಒಂದೇ, ಉಂಗುರ ಮೂರು ಮಿಲಿಮೀಟರ್ ಚಿಕ್ಕದಾಗಿದೆ. ನಿಮ್ಮ ಪಟ್ಟಿಯ ಗೆರೆಯೂ ಇಪ್ಪತ್ತೇ. ನೀನು ಆಸ್ಪತ್ರೆಗೆ ಹೊರಟ ಅವಸರದಲ್ಲಿ ಅಳೆದಿದ್ದೀಯ, ಅಳೆದದ್ದು ಒಂದೇ ಸಲ. ಅದು ಹತ್ತೊಂಬತ್ತಾಗಿದ್ದರೆ ಈಗ ಅವರ ನರಕ್ಕೆ ಇಳಿಯುತ್ತಿರುವುದು ಮದ್ದಲ್ಲ, ಬರಿಯ ನೀರು. ನನ್ನ ಮೇಲೆ ಎಷ್ಟು ಬೇಕಾದರೂ ನಗು. ಈ ಕಾಗದ ಕೈಗೆ ಬಂದ ಕೂಡಲೇ ಬೆಳಕಿಗೆ ಹಿಡಿದು, ಅಳತೆಪಟ್ಟಿಯನ್ನು ಬಿಲ್ಲೆಯ ನಡುವಿಗೆ ಸರಿಯಾಗಿ ಇಟ್ಟು, ಆ ಒಂಬತ್ತನೇ ಉಂಗುರವನ್ನು ಇನ್ನೊಂದು ಸಲ ಅಳೆದು ನೋಡು.